ಚಿಕ್ಲಿಹೊಳೆ ದಂಡೆಯಲ್ಲಿ ಎಂಟನೇ ತರಗತಿ: ಸಾವಯವ ತೋಟದ ಒಂದು ಕ್ಷೇತ್ರಭೇಟಿ ಪಾಠ

ಎಂಟನೇ ತರಗತಿಯ ವಿಜ್ಞಾನದಲ್ಲಿ ‘ಬೆಳೆ ಉತ್ಪಾದನೆ ಮತ್ತು ನಿರ್ವಹಣೆ’ ಎಂಬ ಘಟಕವಿದೆ. ಖಾರಿಫ್, ರಬಿ, ಉಳುಮೆ, ಬಿತ್ತನೆ, ಗೊಬ್ಬರ, ನೀರಾವರಿ, ಕಳೆ, ಕೊಯ್ಲು, ಸಂಗ್ರಹಣೆ ಎಂದು ಕ್ರಮವಾಗಿ ಸಾಗುವ ಪಾಠ. ಉದಾಹರಣೆಗಳು ಹೆಚ್ಚಾಗಿ ಗೋಧಿ, ಭತ್ತ, ಕಡಲೆ, ಸಾಸಿವೆಯವು. ಕೊಡಗಿನ ಮಕ್ಕಳು ದಿನವೂ ನೋಡುವ ಕಾಫಿ, ಕಾಳುಮೆಣಸು, ಏಲಕ್ಕಿಗಳಿಗೆ ಅಲ್ಲಿ ಜಾಗ ಸಿಕ್ಕಿಲ್ಲ. ಇಡೀ ದೇಶಕ್ಕೆ ಬರೆದ ಪುಸ್ತಕದಲ್ಲಿ ಅದು ಸಹಜವೇ. ಆ ಜಾಗವನ್ನು ತುಂಬುವುದು ಶಿಕ್ಷಕರ ಕೆಲಸ. ಶಾಲೆಯ ಹೊರಗಿನ ಬದುಕಿಗೆ ಜ್ಞಾನವನ್ನು ಜೋಡಿಸಬೇಕೆಂಬುದನ್ನು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ತನ್ನ ಮಾರ್ಗದರ್ಶಿ ತತ್ತ್ವಗಳಲ್ಲಿ ಮೊದಲನೆಯದಾಗಿ ಇಟ್ಟಿದೆ. ನಮ್ಮ ಪ್ರಶಿಕ್ಷಣಾರ್ಥಿಗಳೂ ಪರೀಕ್ಷೆಯಲ್ಲಿ ಅದನ್ನು ಚೆನ್ನಾಗಿಯೇ ಬರೆಯುತ್ತಾರೆ.

ಈ ಘಟಕ ಬರುವುದು ಜೂನ್ ತಿಂಗಳಲ್ಲಿ. ಜೂನ್‌ನಲ್ಲಿ ಕೊಡಗಿನ ತೋಟಕ್ಕೆ ನಲವತ್ತು ಮಕ್ಕಳನ್ನು ಕರೆದೊಯ್ಯುವ ಮಾತೇ ಇಲ್ಲ. ಮಳೆ, ಜಿಗಣೆ, ಜಾರುವ ದಾರಿ. ಆದ್ದರಿಂದ ಕಳೆದ ಸಾಲಿನ ಶಾಲಾ ಅನುಭವ ಕಾರ್ಯಕ್ರಮದಲ್ಲಿ ನನ್ನ ಮೇಲ್ವಿಚಾರಣೆಯಲ್ಲಿದ್ದ ನಾಲ್ವರು ಪ್ರಶಿಕ್ಷಣಾರ್ಥಿಗಳು ಈ ಘಟಕವನ್ನು ಜನವರಿಯಲ್ಲಿ ಪುನರಾವರ್ತನೆ ಪಾಠವಾಗಿ ಮತ್ತೆ ಎತ್ತಿಕೊಂಡರು. ಸುಂಟಿಕೊಪ್ಪ ಭಾಗದ ಒಂದು ಸಾವಯವ ಕಾಫಿ ತೋಟಕ್ಕೂ ಚಿಕ್ಲಿಹೊಳೆ ಜಲಾಶಯದ ದಂಡೆಗೆ ಹೊಂದಿಕೊಂಡ ಅದರ ಶಿಬಿರತಾಣಕ್ಕೂ ಒಂದು ದಿನದ ಭೇಟಿ ಎಂದು ತೀರ್ಮಾನವಾಯಿತು. ಜನವರಿ ರೋಬಸ್ಟಾ ಕುಯ್ಲಿನ ಕಾಲ. ಕಣದಲ್ಲಿ ಕಾಫಿ ಹರಡಿರುತ್ತದೆ, ನೋಡಲು ಸಿಗುವುದು ಬೇಕಾದಷ್ಟು. ಕುಯ್ಲಿನ ಕಾಲದಲ್ಲಿ ತರಗತಿಯ ಹಾಜರಾತಿ ಇಳಿಯುತ್ತದೆ ಎಂಬುದೂ ನಮಗೆ ಗೊತ್ತಿತ್ತು. ಭೇಟಿಯ ದಿನ ಹಾಜರಾತಿ ಪೂರ್ತಿ ಇತ್ತು.

ಪಾಠದ ಬಗ್ಗೆ ಹೇಳುವ ಮೊದಲು ಮಕ್ಕಳ ಬಗ್ಗೆ ಹೇಳಬೇಕು. ಅಭ್ಯಾಸ ಶಾಲೆಯ ಆ ತರಗತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ತೋಟಗಳ ಲೈನ್ ಮನೆಗಳಿಂದ ಬರುವವರು. ಮನೆಮಾತು ತಮಿಳು, ಮಲಯಾಳಂ, ಅರೆಭಾಷೆ, ಕನ್ನಡ. ಇತ್ತೀಚೆಗೆ ಅಸ್ಸಾಮಿನಿಂದ ಬಂದ ಕುಟುಂಬಗಳ ಇಬ್ಬರು ಮಕ್ಕಳೂ ಇದ್ದರು. ಮಡಿಕೇರಿಗೆ ಬರುವ ಪ್ರವಾಸಿಗೆ ಕಾಫಿ ತೋಟವೆಂದರೆ ಹಸಿರು, ತಂಪು, ಫೋಟೊ. ಈ ಮಕ್ಕಳಿಗೆ ಅದು ಅಪ್ಪ ಅಮ್ಮ ಬೆಳಿಗ್ಗೆ ಎದ್ದು ಹೋಗುವ ಕೆಲಸದ ಜಾಗ. ಕ್ಷೇತ್ರಭೇಟಿಯ ಯೋಜನೆಯಲ್ಲಿ ‘ಪೂರ್ವಜ್ಞಾನ’ ಎಂಬ ಕಾಲಂ ಇರುತ್ತದಲ್ಲ, ಅಲ್ಲಿ ಪ್ರಶಿಕ್ಷಣಾರ್ಥಿಗಳು ಮೊದಲು ಬರೆದದ್ದು ‘ವಿದ್ಯಾರ್ಥಿಗಳು ಕಾಫಿ ಗಿಡವನ್ನು ನೋಡಿರುತ್ತಾರೆ’ ಎಂದು. ನೋಡುವುದಷ್ಟೇ ಅಲ್ಲ, ಮರಗಸಿ ಯಾವಾಗ, ಕಪಾತು ಯಾವಾಗ, ಚಿಗುರು ತೆಗೆಯುವುದು ಯಾವಾಗ ಎಂಬುದು ಆ ಮಕ್ಕಳಿಗೆ ಪ್ರಶಿಕ್ಷಣಾರ್ಥಿಗಳಿಗಿಂತ ಚೆನ್ನಾಗಿ ಗೊತ್ತಿತ್ತು. ಆ ಕಾಲಂ ಮೂರು ಸಲ ತಿದ್ದಿ ಬರೆಯಲ್ಪಟ್ಟಿತು.

ಭೇಟಿಯ ಹಿಂದಿನ ವಾರ ಸಿದ್ಧತಾ ಪಾಠ ನಡೆಯಿತು. ಒಬ್ಬ ಪ್ರಶಿಕ್ಷಣಾರ್ಥಿ ಅಂದವಾದ ಚಾರ್ಟ್ ತಂದಿದ್ದಳು. ಎಡಗಡೆ ಕಪ್ಪು ಬಣ್ಣದಲ್ಲಿ ‘ವಿಷ’, ಬಲಗಡೆ ಹಸಿರಿನಲ್ಲಿ ‘ಅಮೃತ’. ಎಡಕ್ಕೆ ರಸಗೊಬ್ಬರ, ಕೀಟನಾಶಕ, ಕಳೆನಾಶಕ. ಬಲಕ್ಕೆ ಹಟ್ಟಿಗೊಬ್ಬರ, ಎರೆಗೊಬ್ಬರ, ಜೀವಾಮೃತ. ಪಾಠ ಸಲೀಸಾಗಿ ಸಾಗುತ್ತಿತ್ತು. ವಿಷ ಯಾರು ಹಾಕುತ್ತಾರೆ ಎಂದು ಕೇಳಿದಾಗ ಮೂರನೇ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, ಕೇಳಿದ್ದಕ್ಕೆ ಉತ್ತರವಲ್ಲದ ಮಾತೊಂದನ್ನು ಹೇಳಿದಳು: “ಮಿಸ್, ನಮ್ಮಪ್ಪ ಔಷಧಿ ಹೊಡಿಯೋದು. ವಿಷ ಅಲ್ಲ.”

ತರಗತಿಯಲ್ಲಿ ಕೆಲವರು ನಕ್ಕರು. ಪ್ರಶಿಕ್ಷಣಾರ್ಥಿ ಗದರಲೂ ಇಲ್ಲ, ಸಮಾಧಾನದ ಮಾತು ಹೇಳಿ ಮುಂದೆ ಹೋಗಲೂ ಇಲ್ಲ. ಬೋರ್ಡಿನ ಮೇಲೆ ‘ಔಷಧಿ’ ಎಂದು ಬರೆದಳು. ಅದರ ಪಕ್ಕ ಪುಸ್ತಕದ ಪದ ‘ಕೀಟನಾಶಕ’ ಬರೆದಳು. ಅದರ ಪಕ್ಕ ತನ್ನ ಚಾರ್ಟಿನ ‘ವಿಷ’ ಬರೆದಳು. “ಒಂದೇ ವಸ್ತುವಿಗೆ ಮೂರು ಹೆಸರು. ಯಾರು ಯಾವ ಹೆಸರು ಹೇಳ್ತಾರೆ, ಯಾಕೆ ಹೇಳ್ತಾರೆ, ತೋಟಕ್ಕೆ ಹೋದಾಗ ಕೇಳ್ಕೊಂಡು ಬರೋಣ” ಎಂದಳು. ಗಂಟೆ ಹೊಡೆಯಿತು. ಅಂದು ಸಂಜೆಯ ಹಿಮ್ಮಾಹಿತಿ ಸಭೆಯಲ್ಲಿ ಬೇರೆ ಏನನ್ನೂ ನಾವು ಮಾತಾಡಲಿಲ್ಲ.

ಮಾತಾಡುವಂಥದ್ದು ಬಹಳ ಇತ್ತು. ಬೋಧಕರಿಗೆ ಸಾವಯವ ಕೃಷಿಯ ಮೇಲೆ ಒಲವು ಇರುವುದು ತಪ್ಪಲ್ಲ, ನನಗೂ ಇದೆ. ಆದರೆ ಔಷಧಿ ಹೊಡೆಯುವುದು ಒಬ್ಬ ಕೂಲಿಕಾರನ ದಿನದ ಕೆಲಸ. ಯಾವ ಔಷಧಿ, ಎಷ್ಟು, ಯಾವಾಗ ಎಂಬುದನ್ನು ನಿರ್ಧರಿಸುವವನು ಅವನಲ್ಲ. ‘ವಿಷ ಹಾಕುವವರು’ ಎಂಬ ವಾಕ್ಯದ ಕರ್ತೃವಾಗಿ ಮಗುವಿನ ಕಣ್ಣಿಗೆ ಬೀಳುವವನು ಮಾತ್ರ ಅವನೇ, ಬೆನ್ನಿಗೆ ಕ್ಯಾನು ಕಟ್ಟಿಕೊಂಡ ಅಪ್ಪ. ಪಾಠ ಹೀಗೆಯೇ ನಡೆದಿದ್ದರೆ ಆ ಹುಡುಗಿ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಿತ್ತು: ಶಾಲೆ ಹೇಳುವುದು ಸುಳ್ಳು ಎನ್ನಬೇಕು, ಇಲ್ಲವೇ ಅಪ್ಪ ಕೆಟ್ಟವನು ಎನ್ನಬೇಕು. ಇದೇ ಘಟಕದಲ್ಲಿ, ಕಳೆನಾಶಕದ ಭಾಗದಲ್ಲಿ, ಸಿಂಪಡಿಸುವವರ ಆರೋಗ್ಯಕ್ಕೆ ತೊಂದರೆಯಾಗಬಹುದು, ಅವರು ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಬೇಕು ಎಂಬ ಅರ್ಥದ ಮಾತಿದೆ. ನಾನು ಈವರೆಗೆ ವೀಕ್ಷಿಸಿದ ಪಾಠಗಳಲ್ಲಿ ಬಹುಪಾಲು ಪ್ರಶಿಕ್ಷಣಾರ್ಥಿಗಳು ಅದನ್ನು ಓದಿ ದಾಟಿಬಿಡುತ್ತಾರೆ. ಈ ತರಗತಿಗೆ ಆ ಒಂದು ಸಾಲೇ ಪಾಠದ ನಡುಮನೆ ಎಂದು ಸಭೆಯಲ್ಲಿ ಒಪ್ಪಿಕೊಂಡೆವು. ಚಾರ್ಟ್ ಭೇಟಿಗೆ ಬರಲಿಲ್ಲ. ಅದರ ಬದಲಿಗೆ ಪ್ರತಿ ಗುಂಪಿಗೂ ಮೂರು ಪದ ಬರೆದ ಖಾಲಿ ಹಾಳೆ ಹೋಯಿತು.

ಇನ್ನು ಪೂರ್ವಭೇಟಿ. ಶನಿವಾರ ಮಧ್ಯಾಹ್ನ ಹೋಗಿ ನಾವು ಐವರೂ ಶಿಬಿರತಾಣದ ಡೇರೆಗಳಲ್ಲಿ ಒಂದು ರಾತ್ರಿ ಉಳಿದೆವು. ಮಕ್ಕಳನ್ನು ರಾತ್ರಿ ಉಳಿಸುವ ಯೋಚನೆ ಪ್ರಶಿಕ್ಷಣಾರ್ಥಿಗಳಿಗೆ ಇತ್ತು. ಸ್ಥಳ ನೋಡಿದ ಮೇಲೆ ಅವರೇ ಬಿಟ್ಟರು. ಚಿಕ್ಲಿಹೊಳೆ ಇರುವುದು ಮೀನುಕೊಲ್ಲಿ ಮೀಸಲು ಅರಣ್ಯದ ಅಂಚಿನಲ್ಲಿ. ಆನೆಗಳು ಕಾಡಿಗೂ ತೋಟಕ್ಕೂ ನಡುವೆ ಓಡಾಡುವ ಪ್ರದೇಶ. ಸೋಲಾರ್ ಬೇಲಿ ಇತ್ತು, ಕಾವಲಿನವರೂ ಇದ್ದರು. ಆದರೂ ಸಂಜೆ ನಾಲ್ಕಕ್ಕೆ ಬಸ್ಸು ಹೊರಡಬೇಕು ಎಂದು ಗಟ್ಟಿ ಮಾಡಿಕೊಂಡೆವು. ದಂಡೆಯಲ್ಲಿ ನೀರು ಇಳಿದ ಜಾಗ ಮೇಲ್ನೋಟಕ್ಕೆ ಗಟ್ಟಿ ನೆಲದಂತೆ ಕಂಡರೂ ಕಾಲಿಟ್ಟರೆ ಹೂಳು ಮೊಣಕಾಲಿನವರೆಗೆ ಬರುತ್ತದೆ. ಎಲ್ಲಿಯವರೆಗೆ ಹೋಗಬಹುದೆಂದು ಹಗ್ಗ ಕಟ್ಟಿ ಗುರುತು ಮಾಡಿದೆವು. ಇಂಥ ಸಂಗತಿಗಳು ಗೂಗಲ್ ನಕ್ಷೆಯಲ್ಲಿ ಸಿಗುವುದಿಲ್ಲ. ಕ್ಷೇತ್ರಭೇಟಿಗೆ ಅಂಕ ಕೊಡುವಾಗ ಪೂರ್ವಭೇಟಿಯ ವರದಿಗೂ ಅಂಕ ಇಡಬೇಕೆಂದು ನಾನು ವಿಭಾಗದ ಸಭೆಯಲ್ಲಿ ಕೇಳುತ್ತಲೇ ಇದ್ದೇನೆ.

ಭೇಟಿಯ ದಿನ ಬೆಳಿಗ್ಗೆ ಒಂಬತ್ತೂವರೆಗೆ ತೋಟ ತಲುಪಿದೆವು. ಆರು ಗುಂಪು. ಪ್ರತಿ ಗುಂಪಿಗೆ ಒಂದು ಮೀಟರ್ ಉದ್ದ ಅಗಲದ ಚೌಕ ಮಾಡಲು ನಾಲ್ಕು ಕೋಲು ಮತ್ತು ದಾರ, ಒಂದು ಅಳತೆಪಟ್ಟಿ, ಒಂದು ಸಣ್ಣ ಕೈಗುದ್ದಲಿ, ಒಂದು ಬಿಳಿ ತಟ್ಟೆ. ಕೆಲಸ ಇಷ್ಟು: ಚೌಕದೊಳಗೆ ಒಣಎಲೆಯ ಹೊದಿಕೆ ಎಷ್ಟು ದಪ್ಪ ಇದೆ ಅಳೆಯುವುದು, ಯಾವ ಯಾವ ಮರದ ಎಲೆ ಎಂದು ಬೇರ್ಪಡಿಸುವುದು, ಒಂದು ಗೇಣು ಆಳ ಅಗೆದು ಎರೆಹುಳು ಎಣಿಸುವುದು, ಮಣ್ಣನ್ನು ಹಾಗೆಯೇ ಮುಚ್ಚುವುದು. ಮೂರು ಗುಂಪು ಸಾವಯವ ತೋಟದಲ್ಲಿ. ಇನ್ನು ಮೂರು ಗುಂಪು ಬೇಲಿಯಾಚೆ, ಮಾಲೀಕರ ಅನುಮತಿ ಪಡೆದು, ರಸಗೊಬ್ಬರ ಹಾಕುವ ಪಕ್ಕದ ತೋಟದಲ್ಲಿ.

ಎಲೆ ಬೇರ್ಪಡಿಸುವ ಕೆಲಸ ನಾವು ಎಣಿಸಿದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡಿತು, ಅದು ಒಳ್ಳೆಯದೇ ಆಯಿತು. ಸಿಲ್ವರ್ ಓಕ್ ಎಲೆ ಬಹುಕಾಲ ಹಾಗೆಯೇ ಉಳಿಯುತ್ತದೆ, ಕೈಯಲ್ಲಿ ಹಿಡಿದರೆ ಇನ್ನೂ ಒರಟು. ಹಾಲವಾಣದ ಎಲೆ ಬೇಗ ಕೊಳೆಯುತ್ತದೆ. ಕೆಳಪದರದಲ್ಲಿ ಅದರ ನರಗಳಷ್ಟೇ ಸಿಕ್ಕವು. ಹಾಲವಾಣ ದ್ವಿದಳ ಕುಟುಂಬದ ಮರ, ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದಿಡುತ್ತವೆ ಎಂಬುದನ್ನು ಪುಸ್ತಕದಲ್ಲಿ ಕಡಲೆ ಬಟಾಣಿಯ ಜೊತೆ ಓದಿದ್ದ ಮಕ್ಕಳಿಗೆ, ಅದೇ ಕೆಲಸ ಮಾಡುವ ಮರ ತಮ್ಮ ತಲೆಯ ಮೇಲೆಯೇ ಇದೆ ಎಂಬುದು ಹೊಸದು. ಸಿಲ್ವರ್ ಓಕ್ ಆಸ್ಟ್ರೇಲಿಯಾದಿಂದ ಬಂದ ಮರ ಎಂದಾಗ ಒಬ್ಬ ಹುಡುಗ, “ಇದು ಕೂಡ ಕೆಲಸಕ್ಕೆ ಬಂದದ್ದಾ?” ಎಂದು ಕೇಳಿದ. ಹೌದು, ನೆರಳಿಗೂ ಮರದ ದಿಮ್ಮಿಗೂ ಬಂದದ್ದು. ಅವನಿಗೆ ಆ ಉತ್ತರ ಸಾಕಾಯಿತು.

ಎರೆಹುಳು ಸಿಕ್ಕ ಕೂಡಲೇ ಭಾಷೆಗಳು ಹೊರಬಿದ್ದವು. ಒಬ್ಬಳು ‘ಮಣ್ಣಿರ’ ಎಂದಳು, ಇನ್ನೊಬ್ಬ ‘ಮಣ್‌ಪುಳು’ ಎಂದ. ಅಸ್ಸಾಮಿನ ಹುಡುಗ ತನ್ನ ಭಾಷೆಯ ಹೆಸರನ್ನು ಮೊದಲ ಬಾರಿಗೆ ತರಗತಿಗೆ ಕೇಳುವಂತೆ ಹೇಳಿದ. ಹಾಳೆಯಲ್ಲಿ ಎಲ್ಲ ಹೆಸರನ್ನೂ ಕನ್ನಡ ಲಿಪಿಯಲ್ಲಿ ಬರೆಸಿದೆವು. ಮಲಯಾಳಂ ಮತ್ತು ತಮಿಳಿನ ಹೆಸರುಗಳಲ್ಲಿ ‘ಮಣ್ಣು’ ಇದೆ, ಕನ್ನಡದ ‘ಎರೆಹುಳು’ವಿನಲ್ಲಿ ಎಲ್ಲಿದೆ ಎಂದು ಒಬ್ಬ ಪ್ರಶಿಕ್ಷಣಾರ್ಥಿ ಕೇಳಿದ. ಎರೆ ಎಂದರೆ ಕಪ್ಪು ಮಣ್ಣು ಎಂಬ ಉತ್ತರ ಸ್ವಲ್ಪ ಹೊತ್ತಾದ ಮೇಲೆ ಬಯಲುಸೀಮೆಯಿಂದ ಬಂದ ನಮ್ಮ ಬಸ್ಸಿನ ಚಾಲಕರಿಂದ ಬಂತು.

ಈಗ ಎಣಿಕೆಯ ಫಲಿತಾಂಶ. ಪ್ರಶಿಕ್ಷಣಾರ್ಥಿಗಳಿಗೆ ಸಾವಯವ ತೋಟ ಗೆಲ್ಲಬೇಕಿತ್ತು. ಗೆಲುವು ಅಷ್ಟು ಸ್ಪಷ್ಟವಾಗಿ ಬರಲಿಲ್ಲ. ಅತಿ ಹೆಚ್ಚು ಹುಳು ಸಿಕ್ಕಿದ್ದು ಸಾವಯವ ತೋಟದ ಒಂದು ಚೌಕದಲ್ಲಿ, ಹಟ್ಟಿಗೊಬ್ಬರದ ಗುಂಡಿಗೆ ಹತ್ತಿರ. ಆದರೆ ಅತಿ ಕಡಿಮೆ ಸಿಕ್ಕಿದ್ದೂ ಅಲ್ಲಿಯೇ, ಇಳಿಜಾರಿನ ಒಣಗಿದ ಮಣ್ಣಿನಲ್ಲಿ. ಪಕ್ಕದ ತೋಟದ ಮೂರು ಚೌಕಗಳು ನಡುವೆ ಬಂದವು. ಅಲ್ಲಿಯೂ ಮರಗಳ ನೆರಳು ದಟ್ಟವಾಗಿತ್ತು, ಎಲೆಹೊದಿಕೆ ದಪ್ಪವಾಗಿತ್ತು. ಗುಂಡಿಯ ಹತ್ತಿರದ ಚೌಕವನ್ನಷ್ಟೇ ವರದಿಯಲ್ಲಿ ತೋರಿಸೋಣವೇ ಎಂಬ ಸಲಹೆ ಊಟದ ಹೊತ್ತಿನಲ್ಲಿ ಮೆಲ್ಲಗೆ ಬಂತು. ಆರೂ ಸಂಖ್ಯೆಗಳನ್ನು ಬೋರ್ಡಿನ ಮೇಲೆ ಬರೆಯುವುದೆಂದು ಗುಂಪಿನ ನಾಯಕಿಯೇ ತೀರ್ಮಾನಿಸಿದಳು. ಮಕ್ಕಳು ಆ ಆರು ಸಂಖ್ಯೆಗಳಿಂದ ಎರಡು ಮಾತು ಹೊರತೆಗೆದರು: ಹುಳು ಇರುವುದು ತೇವ ಇರುವಲ್ಲಿ, ಇಷ್ಟು ಕಡಿಮೆ ಚೌಕಗಳಿಂದ ಯಾರು ಗೆದ್ದರು ಎಂದು ಹೇಳಲಾಗದು. ಎರಡನೆಯ ಮಾತನ್ನು ಎಂಟನೇ ತರಗತಿಯ ಮಗು ತಾನಾಗಿ ಹೇಳುವುದನ್ನು ನಾನು ಹೆಚ್ಚು ಸಲ ಕೇಳಿಲ್ಲ.

ತೋಟದ ಮಾಲೀಕರು ಹಿರಿಯರು, ಮಾತು ಕಡಿಮೆ. ಅವರ ಬಳಿ ಭಾಷಣ ಮಾಡಿಸಬಾರದು, ಕೆಲಸ ಮಾಡಿ ತೋರಿಸಲು ಕೇಳಬೇಕು ಎಂದು ಪೂರ್ವಭೇಟಿಯಲ್ಲೇ ನಿಶ್ಚಯಿಸಿದ್ದೆವು. ಮೊದಲು ಜೀವಾಮೃತ ತೋರಿಸಿದರು: ಇನ್ನೂರು ಲೀಟರಿನ ಡ್ರಮ್ಮಿಗೆ ಹತ್ತು ಕಿಲೋ ಸಗಣಿ, ಹತ್ತು ಲೀಟರ್ ಗಂಜಲ, ಎರಡು ಕಿಲೋ ಬೆಲ್ಲ, ಎರಡು ಕಿಲೋ ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ತೋಟದ ಮಣ್ಣು. ಬೆಲ್ಲ ಯಾಕೆ ಎಂಬ ಪ್ರಶ್ನೆಗೆ ಮಕ್ಕಳಿಂದಲೇ ಉತ್ತರ ಬಂತು; ಸೂಕ್ಷ್ಮಜೀವಿಗಳ ಪಾಠದಲ್ಲಿ ಯೀಸ್ಟಿಗೆ ಸಕ್ಕರೆ ಹಾಕಿ ನೋಡಿದ್ದರು.

ಆಮೇಲೆ ಅವರು ಮೈಲುತುತ್ತಿನ ಡಬ್ಬ ತೆಗೆದರು. ಅರೇಬಿಕಾ ಎಲೆಯ ತುಕ್ಕು ರೋಗಕ್ಕೂ ಮೆಣಸಿನ ಸೊರಗು ರೋಗಕ್ಕೂ ಮುಂಗಾರಿಗೆ ಮೊದಲು ಹೊಡೆಯುವ ಬೋರ್ಡೋ ದ್ರಾವಣ ಅದರಿಂದಲೇ ಆಗುವುದು. ಜನವರಿ ಅದರ ಕಾಲವಲ್ಲ. ನಮ್ಮ ಕೋರಿಕೆಯ ಮೇಲೆ ಸ್ವಲ್ಪ ಮಾಡಿ ತೋರಿಸಿದರು. ಶೇಕಡಾ ಒಂದರ ದ್ರಾವಣಕ್ಕೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಒಂದು ಲೀಟರಿಗೆ ಎಷ್ಟು ಎಂದು ಮಕ್ಕಳು ಲೆಕ್ಕ ಮಾಡಿ ಹತ್ತು ಗ್ರಾಂ ಎಂದರು. ಒಂದು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಸುಣ್ಣದ ತಿಳಿಹಾಲು, ಇನ್ನೊಂದರಲ್ಲಿ ನೀಲಿ ನೀರು. ನೀಲಿಯನ್ನು ಸುಣ್ಣಕ್ಕೆ ಸುರಿಯುತ್ತಾ ಕೋಲಿನಿಂದ ತಿರುವಿದರು. ಆಕಾಶನೀಲಿ ಬಣ್ಣ ಬಂತು. ಬಳಿಕ ತಮ್ಮ ಕತ್ತಿಯ ಅಲಗನ್ನು ಉಜ್ಜಿ ಹೊಳಪು ಮಾಡಿ ಅದರಲ್ಲಿ ಅದ್ದಿ ಹಿಡಿದರು. ತೆಗೆದಾಗ ಅಲಗಿನ ಮೇಲೆ ಕೆಂಗಂದು ಬಣ್ಣ ಕೂತಿತ್ತು. “ಸುಣ್ಣ ಸಾಲದು” ಎಂದು ಇನ್ನಷ್ಟು ಸುಣ್ಣದ ಹಾಲು ಸುರಿದರು. ಎರಡನೇ ಸಲ ಅದ್ದಿದಾಗ ಅಲಗು ಹಾಗೆಯೇ ಹೊಳೆಯುತ್ತಿತ್ತು.

ಇದು ರಸಾಯನಶಾಸ್ತ್ರದ ಎರಡು ಪಾಠ ಒಂದೇ ಬಕೆಟ್ಟಿನಲ್ಲಿ. ಆಮ್ಲ ಗುಣದ ತಾಮ್ರದ ಸಲ್ಫೇಟನ್ನು ಪ್ರತ್ಯಾಮ್ಲವಾದ ಸುಣ್ಣ ತಟಸ್ಥಗೊಳಿಸುವುದು ಕೆಳತರಗತಿಯಲ್ಲೇ ಕಲಿತದ್ದರ ವಿಸ್ತರಣೆ. ಕಬ್ಬಿಣ ತಾಮ್ರವನ್ನು ದ್ರಾವಣದಿಂದ ಹೊರದೂಡುವ ಸ್ಥಾನಪಲ್ಲಟ ಕ್ರಿಯೆ ಹತ್ತನೇ ತರಗತಿಯಲ್ಲಿ ಮೊಳೆಯ ಪ್ರಯೋಗವಾಗಿ ಬರುತ್ತದೆ. ಮೈಲುತುತ್ತು ನುಂಗಿದರೆ ಅಪಾಯ, ಕಣ್ಣಿಗೂ ಬೀಳಬಾರದು. ಆದ್ದರಿಂದ ಮಕ್ಕಳ ಕೈಗೆ ಕೊಡದೆ, ಗ್ಲೌಸ್ ಹಾಕಿಕೊಂಡ ದೊಡ್ಡವರೇ ಮಾಡಿದರು. ಫ್ರಾನ್ಸಿನ ಬೋರ್ಡೋ ಭಾಗದಲ್ಲಿ ದ್ರಾಕ್ಷಿ ಕದಿಯುವವರನ್ನು ಹೆದರಿಸಲು ದಾರಿಬದಿಯ ಬಳ್ಳಿಗಳಿಗೆ ಈ ನೀಲಿ ಬಳಿಯುತ್ತಿದ್ದರು. ಹಾಗೆ ಬಳಿದ ಬಳ್ಳಿಗೆ ರೋಗ ಬಾರದ್ದನ್ನು ಮಿಲಾರ್ಡೆ ಎಂಬ ಸಸ್ಯಶಾಸ್ತ್ರಜ್ಞ ಗಮನಿಸಿ 1885ರಲ್ಲಿ ಪ್ರಕಟಿಸಿದ. ಈ ಕಥೆಯನ್ನು ಒಬ್ಬ ಪ್ರಶಿಕ್ಷಣಾರ್ಥಿ ಚೆನ್ನಾಗಿ ಹೇಳಿದ. ತೋಟದಲ್ಲಿ ಕಿತ್ತಳೆ ಕದ್ದ ಅನುಭವ ಇರುವವರು ಮುಖ ಮುಖ ನೋಡಿಕೊಂಡರು.

ಆಗ ಅದೇ ಹುಡುಗಿ, ಮೂರು ಪದಗಳ ಹಾಳೆ ಕೈಯಲ್ಲಿ ಹಿಡಿದು ಕೇಳಿದಳು: “ಸಾವ್ಕಾರ್ರೆ, ಮೈಲುತುತ್ತು ರಾಸಾಯನಿಕ ಅಲ್ವಾ? ನಮ್ಮಪ್ಪನೂ ಇದನ್ನ ಹೊಡಿತಾರೆ. ನಿಮ್ಮದು ಹೇಗೆ ಸಾವಯವ?”

ಹಿರಿಯರು ಸ್ವಲ್ಪ ಹೊತ್ತು ಕತ್ತಿಯನ್ನು ಬಟ್ಟೆಯಿಂದ ಒರೆಸಿದರು. “ರಾಸಾಯನಿಕವೇ ಮಗಳೇ. ನಿಯಮದಲ್ಲಿ ಇದಕ್ಕೆ ಅವಕಾಶ ಇದೆ, ಮಿತಿಯಲ್ಲಿ ಬಳಸಬೇಕು. ಬೇರೆ ಕೆಲವಕ್ಕೆ ಅವಕಾಶ ಇಲ್ಲ. ಬೇಕಾದಂಗೆ ಹೊಡೆದರೆ ಇದೂ ಮಣ್ಣಲ್ಲಿ ಕೂತ್ಕೊಳ್ಳುತ್ತೆ, ಹೋಗಲ್ಲ” ಎಂದರು. ಅವರು ಹೇಳಿದ್ದು ಸರಿ. 2001ರಿಂದ ಜಾರಿಯಲ್ಲಿರುವ ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮದ ಮಾನದಂಡಗಳಲ್ಲಿ ತಾಮ್ರದ ಲವಣಗಳು ಷರತ್ತಿನ ಮೇಲೆ ಬಳಸಬಹುದಾದ ಪಟ್ಟಿಯಲ್ಲಿವೆ. ತಾಮ್ರ ಧಾತುವಾದ್ದರಿಂದ ಒಡೆದು ಬೇರೊಂದಾಗುವುದಿಲ್ಲ, ಮಣ್ಣಿನಲ್ಲಿ ಸೇರುತ್ತಾ ಹೋಗುತ್ತದೆ. ಕಪ್ಪು ಹಸಿರು ಎರಡೇ ಬಣ್ಣದ ಚಾರ್ಟಿನಲ್ಲಿ ಮೈಲುತುತ್ತನ್ನು ಎಲ್ಲಿ ಬರೆಯುವುದು? ಅದನ್ನು ತಂದಿದ್ದ ಪ್ರಶಿಕ್ಷಣಾರ್ಥಿ ಈ ಪ್ರಶ್ನೆಯನ್ನು ತನ್ನ ಪ್ರತಿಫಲನ ದಿನಚರಿಯಲ್ಲಿ ಬರೆದುಕೊಂಡಿದ್ದಾಳೆ.

ಹುಡುಗಿಯ ಪ್ರಶ್ನೆ ದಾರಿ ತೆರೆಯಿತು. ಔಷಧಿ ಹೊಡೆಯುವ ಕೆಲಸ ಇಲ್ಲದಿದ್ದರೆ ಆ ಕೂಲಿ ಎಲ್ಲಿ ಸಿಗುತ್ತದೆ, ಕಳೆಯನ್ನು ಏನು ಮಾಡುತ್ತೀರಿ, ಕಾಫಿ ಕಡಿಮೆ ಆಗುವುದಿಲ್ಲವೇ ಎಂದು ಒಬ್ಬೊಬ್ಬರೇ ಕೇಳಿದರು. ಕಳೆನಾಶಕ ಇಲ್ಲದ್ದರಿಂದ ಕಳೆ ಹೊಡೆಯಲು ಆಳು ಹೆಚ್ಚು ಬೇಕು; ಮೊದಲ ವರ್ಷಗಳಲ್ಲಿ ಫಸಲು ಇಳಿಯಿತು; ಬಹುವಾರ್ಷಿಕ ಬೆಳೆಗೆ ಮೂರು ವರ್ಷದ ಪರಿವರ್ತನಾ ಅವಧಿ ಇರುವುದರಿಂದ ಆ ಕಾಲದ ಕಾಫಿಯನ್ನು ಸಾವಯವ ಎಂದು ಮಾರುವಂತಿಲ್ಲ; ಆ ಅಂತರವನ್ನು ತುಂಬಲು ದಂಡೆಯಲ್ಲಿ ಡೇರೆ ಹಾಕಿದ್ದು. ಪ್ರವಾಸೋದ್ಯಮ ಸಾವಯವ ಕೃಷಿಗೆ ಹಣ ಕೊಡುತ್ತಿದೆ ಎಂಬ ಸಂಗತಿ ನಮ್ಮ ಪಾಠಯೋಜನೆಯಲ್ಲಿ ಇರಲೇ ಇಲ್ಲ. ಹತ್ತು ಎಕರೆ ಇದ್ದವನಿಗೆ ಅದು ಆಗಬಹುದು, ಒಂದು ಎಕರೆ ಇದ್ದವನು ಡೇರೆ ಎಲ್ಲಿ ಹಾಕುತ್ತಾನೆ ಎಂದು ಇನ್ನೊಬ್ಬ ಹುಡುಗ ಪಕ್ಕದವನಿಗೆ ಹೇಳುತ್ತಿದ್ದ. ಅದನ್ನೂ ನಾವು ಬರೆದುಕೊಂಡೆವು.

ಮಧ್ಯಾಹ್ನದ ಊಟದ ನಂತರ ದಂಡೆಗೆ ನಡೆದೆವು. ಡೇರೆಗಳನ್ನು ಕಂಡ ಮಕ್ಕಳಿಗೆ ನಗು ತಡೆಯಲಾಗಲಿಲ್ಲ. “ಇಲ್ಲಿ ದುಡ್ಡು ಕೊಟ್ಟು ನೆಲದ ಮೇಲೆ ಮಲಗ್ತಾರಾ ಸಾರ್?” ಬಾಡಿಗೆಯ ದರಪಟ್ಟಿ ಕಣ್ಣಿಗೆ ಬಿದ್ದದ್ದೇ ಒಂದು ಗುಂಪು, ಯಾರೂ ಹೇಳದೆ, ಒಂದು ರಾತ್ರಿಯ ಬಾಡಿಗೆ ಎಷ್ಟು ಕಿಲೋ ಕಾಫಿ ಕುಯ್ದ ಕೂಲಿಗೆ ಸಮ ಎಂದು ನೆಲದ ಮೇಲೆ ಕಡ್ಡಿಯಿಂದ ಲೆಕ್ಕ ಹಾಕಿತು. ಭಾಗಾಕಾರ ಸರಿ ಇತ್ತು. ಉತ್ತರ ಬಂದಾಗ ಗುಂಪು ಸ್ವಲ್ಪ ಹೊತ್ತು ಸುಮ್ಮನಾಯಿತು.

ಜಲಾಶಯದ ಪಾಠ ತೋಟದ ಪಾಠದಷ್ಟು ಗಟ್ಟಿಯಾಗಲಿಲ್ಲ ಎಂಬುದು ನನ್ನ ಅಭಿಪ್ರಾಯ. ಯೋಜನೆಯಲ್ಲಿ ‘ಪ್ರಕೃತಿ ಸೌಂದರ್ಯದ ಬಗ್ಗೆ ಕವನ ರಚನೆ’ ಎಂಬ ಚಟುವಟಿಕೆ ಇತ್ತು. ಬಂದ ಕವನಗಳಲ್ಲಿ ಕೆರೆ ಸುಂದರವಾಗಿತ್ತು, ಹಕ್ಕಿಗಳು ಹಾಡುತ್ತಿದ್ದವು. ಎದುರಿಗೆ ಕುಳಿತ ನೀರುಕಾಗೆ ಹಾಡುವುದಿಲ್ಲ, ರೆಕ್ಕೆ ಬಿಚ್ಚಿ ಬಿಸಿಲಿಗೆ ಒಣಗಿಸಿಕೊಳ್ಳುತ್ತದೆ. ಅದನ್ನು ಬರೆದವರು ಇಲ್ಲ. ಇದನ್ನು ಕೆರೆ ಎಂದು ಕರೆಯುವುದೇ ಮೊದಲು ಬಿಡಿಸಬೇಕಾದ ಗಂಟು. ಚಿಕ್ಲಿಹೊಳೆ ಕಾವೇರಿಗೆ ಸೇರುವ ಹೊಳೆ, ಅದಕ್ಕೆ ಒಡ್ಡು ಕಟ್ಟಿ ನೀರಾವರಿಗಾಗಿ ನಿಲ್ಲಿಸಿದ ನೀರು ಇದು. ತುಂಬಿದಾಗ ಅರ್ಧವೃತ್ತಾಕಾರದ ಕೋಡಿಯ ಸುತ್ತಲಿಂದಲೂ ನೀರು ಒಳಕ್ಕೆ ಧುಮುಕುವುದನ್ನು ನೋಡಲು ಮಳೆಗಾಲದಲ್ಲಿ ಜನ ಬರುತ್ತಾರೆ. ಜನವರಿಯಲ್ಲಿ ಕೋಡಿ ಒಣಗಿತ್ತು. ನೇರ ಗೋಡೆಗಿಂತ ಬಾಗಿದ ಅಂಚು ಹೆಚ್ಚು ಉದ್ದವಾದ್ದರಿಂದ ಒಂದೇ ಹೊತ್ತಿನಲ್ಲಿ ಹೆಚ್ಚು ನೀರು ದಾಟಬಲ್ಲದು ಎಂಬುದನ್ನು ದಾರ ಬಾಗಿಸಿ ಅಳೆದು ತೋರಿಸಬಹುದಿತ್ತು. ಒಳ್ಳೆಯ ಗಣಿತ ಪಾಠ, ಮುಂದಿನ ತಂಡದವರು ಯೋಚಿಸಬೇಕು.

ಚೆನ್ನಾಗಿ ನಡೆದದ್ದು ನೀರಿನ ತಿಳಿ ಅಳೆಯುವ ಪ್ರಯೋಗ. ಹಳೆಯ ಸ್ಟೀಲ್ ತಟ್ಟೆಗೆ ಕಾಲು ಕಾಲು ಭಾಗ ಕಪ್ಪು ಬಿಳಿ ಬಣ್ಣ ಹೊಡೆದು, ಗಂಟು ಹಾಕಿದ ದಾರ ಕಟ್ಟಿ, ತಟ್ಟೆ ಕಣ್ಣಿಗೆ ಮರೆಯಾಗುವ ಆಳ ಗುರುತಿಸುವುದು. ಸೆಕ್ಕಿ ತಟ್ಟೆ ಎಂದು ಇದರ ಹೆಸರು. ಶಿಬಿರದ ಕಟ್ಟೆಯ ತುದಿಯಿಂದ, ದೊಡ್ಡವರು ಹಿಡಿದುಕೊಂಡು, ಸರದಿಯ ಮೇಲೆ ಇಳಿಸಿದರು. ಮಳೆಗಾಲದಲ್ಲಿ ಇದು ಎಷ್ಟು ಬೇಗ ಮರೆಯಾಗಬಹುದು ಎಂದು ಕೇಳಿದಾಗ ಮಾತು ಮಣ್ಣಿನ ಸವಕಳಿಗೆ ಹೋಯಿತು, ಅಲ್ಲಿಂದ 2018ರ ಆಗಸ್ಟಿಗೆ ಹೋಯಿತು. ಮಕ್ಕಂದೂರು, ಜೋಡುಪಾಲದ ಹೆಸರುಗಳು ಬಂದವು. ಇಬ್ಬರು ಮಕ್ಕಳ ಬಂಧುಗಳು ಆಗ ಪರಿಹಾರ ಕೇಂದ್ರದಲ್ಲಿ ಇದ್ದವರು. ಗುಡ್ಡ ಕುಸಿದದ್ದಕ್ಕೆ ಕಾರಣಗಳನ್ನು ಆಗಲೇ ಪಟ್ಟಿ ಮಾಡಿಸಲು ಪ್ರಶಿಕ್ಷಣಾರ್ಥಿ ಹೊರಟಿದ್ದ. ಮಕ್ಕಳು ತಾವು ಕಂಡದ್ದನ್ನು ಹೇಳಿ ಮುಗಿಸಲಿ ಎಂದು ನಾನು ಸನ್ನೆ ಮಾಡಿದೆ. ಕಾರಣಗಳಿಗೆ ಮರುದಿನದ ತರಗತಿ ಇತ್ತು.

ಅನುಸರಣಾ ಪಾಠ ಎರಡು ಅವಧಿ ನಡೆಯಿತು. ಮೂರು ಪದಗಳ ಹಾಳೆಗೆ ಮರಳಿದೆವು. ಪ್ರಶಿಕ್ಷಣಾರ್ಥಿ ಬೋರ್ಡಿನ ಮೇಲೆ ವಜ್ರಾಕೃತಿ ಬರೆದು ಅಡ್ಡಗೆರೆ ಎಳೆದು ಎರಡು ತ್ರಿಕೋನ ಮಾಡಿದಳು. ನಮ್ಮ ದೇಶದಲ್ಲಿ ಮಾರುವ ಕೀಟನಾಶಕದ ಡಬ್ಬದ ಮೇಲೆ, 1968ರ ಕೀಟನಾಶಕ ಕಾಯಿದೆಯಡಿಯ ನಿಯಮಗಳ ಪ್ರಕಾರ, ಈ ಗುರುತು ಇರಲೇಬೇಕು. ಕೆಳಗಿನ ತ್ರಿಕೋನ ಕೆಂಪಾಗಿದ್ದರೆ ಅತ್ಯಂತ ವಿಷಕಾರಿ; ಅದರ ಮೇಲಿನ ತ್ರಿಕೋನದಲ್ಲಿ ತಲೆಬುರುಡೆಯೂ ‘ವಿಷ’ ಎಂಬ ಅರ್ಥದ ಪದವೂ ಇರುತ್ತದೆ. ಆಮೇಲೆ ಹಳದಿ, ನೀಲಿ. ಹಸಿರು ಎಲ್ಲಕ್ಕಿಂತ ಕಡಿಮೆ. ಡಬ್ಬ ಹುಡುಕಿ ತರಬಾರದು, ಮುಟ್ಟಬಾರದು ಎಂದು ಎರಡು ಸಲ ಹೇಳಿದಳು. ‘ವಿಷ’ ಎಂಬ ಪದ ಯಾರದು ಎಂಬ ಪ್ರಶ್ನೆಗೆ ಉತ್ತರ ಹೀಗೆ ಸಿಕ್ಕಿತು. ತಯಾರಿಸಿದವರೇ ಡಬ್ಬದ ಮೇಲೆ ಅದನ್ನು ಬರೆಯಬೇಕು, ಹೊಡೆಯುವವರು ಜಾಗ್ರತೆ ವಹಿಸಲೆಂದು. ಅದು ಹೊಡೆಯುವವರನ್ನು ಬೈಯುವ ಪದವಲ್ಲ. ಅಂಗಡಿಯವರೂ ಮೇಸ್ತ್ರಿಯೂ ‘ಔಷಧಿ’ ಎನ್ನುತ್ತಾರೆ. ಔಷಧಿ ಎಂದಮೇಲೆ ಮೂಗಿಗೆ ಬಟ್ಟೆ ಯಾಕೆ ಎಂದು ಯಾರಿಗೂ ಅನ್ನಿಸುವುದಿಲ್ಲ ಎಂದು ಒಬ್ಬ ಹುಡುಗ ಹೇಳಿದ. ಇಡೀ ಘಟಕದಲ್ಲಿ ನಾನು ಕೇಳಿದ ಒಳ್ಳೆಯ ಮಾತು ಅದು. ಗಾಳಿಗೆ ಎದುರಾಗಿ ಹೊಡೆಯಬಾರದು, ಆ ಬಟ್ಟೆಯನ್ನು ಬೇರೆಯಾಗಿ ಒಗೆಯಬೇಕು, ಕೈ ತೊಳೆಯದೆ ಬೀಡಿ ಸೇದಬಾರದು, ಖಾಲಿ ಡಬ್ಬದಲ್ಲಿ ನೀರು ತುಂಬಿಡಬಾರದು ಎಂಬ ನಾಲ್ಕು ವಾಕ್ಯಗಳನ್ನು ಮಕ್ಕಳೇ ರಚಿಸಿ, ಮನೆಯಲ್ಲಿ ಓದಿ ಹೇಳಲು ತಮ್ಮ ತಮ್ಮ ಭಾಷೆಗೆ ಬಾಯಲ್ಲೇ ತಿರುಗಿಸಿಕೊಂಡರು. ಆ ಹುಡುಗಿ ಬೀಡಿಯ ವಾಕ್ಯದ ಕೆಳಗೆ ಎರಡು ಗೆರೆ ಎಳೆದಿದ್ದಳು.

ಮೌಲ್ಯಮಾಪನಕ್ಕೆ ಎಂದಿನ ‘ಸಾವಯವ ಕೃಷಿಯ ಐದು ಅನುಕೂಲಗಳನ್ನು ಬರೆಯಿರಿ’ ಎಂಬ ಪ್ರಶ್ನೆ ಬಿಟ್ಟು, ಮೂರು ಎಕರೆ ಕಾಫಿ ತೋಟ ಇರುವ ಒಬ್ಬರು ಸಾವಯವಕ್ಕೆ ಬದಲಾಗಬೇಕೆಂದಿದ್ದಾರೆ, ಅವರು ಮೊದಲು ಯಾರ ಯಾರ ಬಳಿ ಏನೇನು ಕೇಳಬೇಕು ಎಂಬ ಪ್ರಶ್ನೆ ಕೊಟ್ಟೆವು. ಉತ್ತರಪತ್ರಿಕೆಗಳನ್ನು ಕಾಲೇಜಿನ ವಿಜ್ಞಾನ ವಿಭಾಗದಲ್ಲಿ ಇಟ್ಟಿದ್ದೇವೆ. ಈ ಘಟಕ ಎತ್ತಿಕೊಳ್ಳುವ ಮುಂದಿನ ತಂಡದವರು ಯೋಜನೆ ಬರೆಯುವ ಮೊದಲು ಅವನ್ನು ಓದುವುದು ಒಳ್ಳೆಯದು. ಹೆಚ್ಚಿನವರು ಬ್ಯಾಂಕಿನವರನ್ನೂ ಪಕ್ಕದ ತೋಟದವರನ್ನೂ ಬರೆದಿದ್ದಾರೆ. ಕೆಲವರು ಕೆಲಸದವರನ್ನು ಮೊದಲು ಬರೆದಿದ್ದಾರೆ.

ಭೇಟಿಯಿಂದ ಬಂದ ಇನ್ನೊಂದು ವಸ್ತು ಮಳೆಮಾಪಕ. ತೋಟದ ಕಚೇರಿಯ ಗೋಡೆಯ ಮೇಲೆ ಹಲವು ವರ್ಷಗಳ ಮಳೆಯ ಲೆಕ್ಕ ತೂಗುಹಾಕಿತ್ತು, ಇಂಚು ಮತ್ತು ಸೆಂಟಿನಲ್ಲಿ. ಕೊಡಗಿನ ತೋಟಗಳಲ್ಲಿ ಈಗಲೂ ಅದೇ ಅಳತೆ. ನೂರು ಸೆಂಟಿಗೆ ಒಂದು ಇಂಚು, ಇಂಚಿಗೆ 25.4 ಮಿಲಿಮೀಟರ್. ಫೆಬ್ರವರಿ ಮಾರ್ಚಿನಲ್ಲಿ ಹೂಮಳೆ ಆದರೆ ಎಂಟು ಹತ್ತು ದಿನಕ್ಕೆ ಕಾಫಿ ಹೂ ಅರಳುತ್ತದೆ, ಆಮೇಲೆ ಕೆಲವು ವಾರದೊಳಗೆ ಬ್ಯಾಕಿಂಗ್ ಶವರ್ ಬೀಳಬೇಕು ಎಂದು ಮಕ್ಕಳು ಮನೆಯಲ್ಲಿ ಕೇಳಿಯೇ ಇರುತ್ತಾರೆ. ನಮ್ಮ ತಂಡ ಶಾಲೆಗೆ ಒಂದು ಮಳೆಮಾಪಕ ಕೊಟ್ಟಿತು. ಬೆಳಿಗ್ಗೆ ಬೇಗ ಬರುವವರು ಓದಿ, ಇಂಚಿನಲ್ಲೂ ಮಿಲಿಮೀಟರಿನಲ್ಲೂ ಬರೆಯುತ್ತಾರೆ. ಬೋಧನಾಭ್ಯಾಸದ ಅವಧಿ ಮುಗಿದು ನಾವು ಬಂದ ಮೇಲೂ ದಾಖಲೆ ಮುಂದುವರಿದಿದೆ ಎಂದು ಮೆಂಟರ್ ಶಿಕ್ಷಕಿ ಫೋನಿನಲ್ಲಿ ಹೇಳಿದರು. ಆ ವರ್ಷದ ಮೊದಲ ಹೂಮಳೆ ಭಾನುವಾರ ಬಿದ್ದಿತ್ತಂತೆ, ಲೈನ್ ಮನೆ ಹತ್ತಿರವಿರುವ ಇಬ್ಬರು ಮಕ್ಕಳು ರಜೆಯಾದರೂ ಬಂದು ಓದಿಕೊಂಡು ಹೋಗಿದ್ದಾರೆ.